ಟುರೆಟ್ ಇರುವ ಮಗುವಿಗೆ "ಸಾಕು, ನಿಲ್ಲಿಸು" ಅನ್ನುವ ಬದಲು ಎಂತ ಮಾಡುವುದು?

ಕಾಪು ದೀಪಸ್ತಂಭ
ಜೂನ್‌ನಲ್ಲಿ ಶಾಲೆ ಶುರುವಾಗಿ ಮೂರು ವಾರ ಕಳೆಯುವಾಗ ಒಂದೇ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಬರುತ್ತದೆ. ಮಗು ಕಣ್ಣು ಮಿಟುಕಿಸುತ್ತದೆ, ಕುತ್ತಿಗೆ ಎಳೆಯುತ್ತದೆ, ಗಂಟಲಲ್ಲಿ "ಹ್ಞುಂ ಹ್ಞುಂ" ಅನ್ನುತ್ತದೆ, ಬೈದರೆ ಇನ್ನೂ ಜಾಸ್ತಿ ಆಗುತ್ತದೆ. ಮನೆಯವರು ಅದನ್ನು ಚಾಳಿ ಅಂತಾರೆ, ಟೀಚರ್ ಉಪದ್ರ ಅಂತಾರೆ. ಬೇಕೆಂದು ಮಾಡದ ಇಂಥ ಚಲನೆ, ಶಬ್ದಕ್ಕೆ ಟಿಕ್ ಅಂತ ಹೆಸರು; ಎರಡು ಬಗೆಯದ್ದೂ ಬಂದು ವರ್ಷ ದಾಟಿ ಉಳಿಯುವ ನರದ ತೊಂದರೆ ಟುರೆಟ್. ಉತ್ತರಗಳು ಅಲ್ಲಲ್ಲಿ ಚದುರಿ ಹೋಗಿವೆ. ಮಂಗಳೂರು–ಉಡುಪಿ ಕಡೆಯವರಿಗೆ ಒಂದೇ ಕಡೆ ಸಿಗಲಿ ಅಂತ ಈ ಚರ್ಚೆ. ಯಾರ ಮನೆಯ ಕಥೆಯೂ ಬೇಡ, ಮಕ್ಕಳ ಹೆಸರೂ ಬೇಡ. ಮಾಡುವ ಕ್ರಮ, ಎಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ ಅಂತ ಬರೆಯಿರಿ.

ಮಣ್ಣಪಳ್ಳ
ಮೊದಲು ಗುರುತಿಸುವುದು. ಕಣ್ಣು ಮಿಟುಕಿಸಿದರೆ ಕಣ್ಣಿನ ಡಾಕ್ಟರು, ಮೂಗು ಎಳೆದರೆ ಅಲರ್ಜಿ ಮದ್ದು, ಗಂಟಲು ಸರಿಮಾಡಿದರೆ ಇಎನ್‌ಟಿ, ಕೈ ಜರ್ಕ್ ಆದರೆ ಫಿಟ್ಸ್ ಅಂತ ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ). ಒಂದೇ ಮಗು ಈ ನಾಲ್ಕು ಬಾಗಿಲು ಸುತ್ತುವುದು ಬಹಳ ಸಾಮಾನ್ಯ. ಒಮ್ಮೆ ಕಣ್ಣು, ಕಿವಿ, ಮೂಗು ನೋಡಿಸುವುದು ಸರಿ. ಅಲ್ಲಿ ಏನೂ ಇಲ್ಲ ಅಂದಮೇಲೂ ಆರು ತಿಂಗಳು ಅಲರ್ಜಿ ಸಿರಪ್ ಕುಡಿಸುವುದು ಮಾತ್ರ ಬೇಡ.

ಟಿಕ್‌ಗೆ ಕೆಲವು ಗುರುತುಗಳಿವೆ. ಒಂದೇ ಚಲನೆ ಅದೇ ರೀತಿಯಲ್ಲಿ ಮರುಕಳಿಸುತ್ತದೆ. ಸ್ವಲ್ಪ ಹೊತ್ತು ತಡೆಯಲಿಕ್ಕೆ ಆಗುತ್ತದೆ, ಆದರೆ ತಡೆದಷ್ಟೂ ಒಳಗೆ ಒತ್ತರ ಏರುತ್ತದೆ, ಸೀನು ಬರುವ ಮೊದಲು ಮೂಗಲ್ಲಿ ಆಗುವ ಹಾಗೆ. ಮಾಡಿದ ಕೂಡಲೇ ಒಂದು ಕ್ಷಣ ಹಗುರ. ಕೆಲವು ವಾರ ಜೋರಾಗಿ, ಮತ್ತೆ ಕೆಲವು ವಾರ ತಣ್ಣಗಾಗಿ, ಆಮೇಲೆ ಇನ್ನೊಂದು ಜಾಗದಲ್ಲಿ ಏಳುತ್ತದೆ. ನಿದ್ದೆಯಲ್ಲಿ ತುಂಬ ಕಡಿಮೆ. ಸಾಮಾನ್ಯವಾಗಿ 4ರಿಂದ 6 ವರ್ಷದಲ್ಲಿ ಶುರು, 10–12ರ ಹೊತ್ತಿಗೆ ಅತಿ ಜೋರು, ಹದಿಹರೆಯ ದಾಟುವಾಗ ಹೆಚ್ಚಿನವರಲ್ಲಿ ಇಳಿಯುತ್ತದೆ. ಹುಡುಗರಲ್ಲಿ ಮೂರು–ನಾಲ್ಕು ಪಟ್ಟು ಹೆಚ್ಚು.

ಟುರೆಟ್ ಅನ್ನಬೇಕಾದರೆ ಎರಡಾದರೂ ಚಲನೆಯ ಟಿಕ್, ಒಂದಾದರೂ ಧ್ವನಿಯ ಟಿಕ್ ಬಂದಿರಬೇಕು. ಎರಡೂ ಒಟ್ಟಿಗೇ ಇರಬೇಕೆಂದಿಲ್ಲ. ಮೊದಲ ಟಿಕ್ ಕಂಡು ಒಂದು ವರ್ಷ ದಾಟಿರಬೇಕು, 18ರ ಒಳಗೆ ಶುರುವಾಗಿರಬೇಕು. ಇದಕ್ಕೆ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಡಾಕ್ಟರ ಕೋಣೆಯಲ್ಲಿ ಮಗು ತಡೆದುಕೊಂಡು ಕೂರುತ್ತದೆ, ಹಾಗಾಗಿ ಮನೆಯಲ್ಲಿ ಮೊಬೈಲಲ್ಲಿ ಎರಡು–ಮೂರು ನಿಮಿಷದ ವೀಡಿಯೊ ತೆಗೆದು ಒಯ್ಯಿರಿ. ಮಗುವಿಗೆ ಹೇಳಿಯೇ ತೆಗೆಯಿರಿ, ಕದ್ದು ಬೇಡ. ಹೆಚ್ಚಿನ ಸಲ ಇಇಜಿಗಿಂತ ಆ ವೀಡಿಯೊವೇ ಹೆಚ್ಚು ಹೇಳುತ್ತದೆ.

ತಡಮಾಡದೆ ತೋರಿಸಬೇಕಾದ್ದು ಬೇರೆ: ಪ್ರಜ್ಞೆ ತಪ್ಪಿದರೆ, ಕೈಕಾಲಲ್ಲಿ ಶಕ್ತಿ ಕುಂದಿದರೆ, ಒಂದೇ ರಾತ್ರಿಯಲ್ಲಿ ವಿಪರೀತ ಭಯ ಅಥವಾ ಓಸಿಡಿ (ಬೇಡವೆಂದರೂ ಒಂದೇ ಯೋಚನೆ, ಒಂದೇ ಕೆಲಸ ಮರುಕಳಿಸುವ ಗೀಳು) ಜೊತೆ ಶುರುವಾದರೆ. ಹದಿಹರೆಯದಲ್ಲಿ ಒಮ್ಮೆಲೇ, ಮೊದಲ ದಿನದಿಂದಲೇ ಉದ್ದುದ್ದ ವಾಕ್ಯ ಮತ್ತು ಹೊಡೆಯುವಂಥ ದೊಡ್ಡ ಚಲನೆಗಳೊಂದಿಗೆ ಬಂದದ್ದು ಸಾಮಾನ್ಯವಾಗಿ ಟುರೆಟ್ ಅಲ್ಲ. ಅದು ಫಂಕ್ಷನಲ್ ಬಗೆಯದು, ಅಂದರೆ ಮೆದುಳಿಗೆ ಹಾನಿ ಇಲ್ಲದೆ ಅದರ ಕೆಲಸದ ರೀತಿ ತಪ್ಪಿ ಬರುವಂಥದ್ದು. ಕೋವಿಡ್ ಕಾಲದಲ್ಲಿ, 2020–21ರಲ್ಲಿ, ಹಲವು ದೇಶಗಳ ಹುಡುಗಿಯರಲ್ಲಿ ಇದು ಹೆಚ್ಚಾಗಿ ಕಂಡಿತು. ಅದೂ ನಾಟಕ ಅಲ್ಲ, ಆದರೆ ಚಿಕಿತ್ಸೆಯ ದಾರಿ ಬೇರೆ. ಅದಕ್ಕೆ ಟಿಕ್ ಮದ್ದು ಏರಿಸುತ್ತಾ ಹೋದರೆ ಮಗುವಿಗೆ ಸಿಗುವುದು ಅಡ್ಡ ಪರಿಣಾಮ ಮಾತ್ರ.

ಉಳ್ಳಾಲ ತೀರ
ಟುರೆಟ್ ಅಂದ್ರೆ ಕೆಟ್ಟ ಕೆಟ್ಟ ಮಾತು ಬಾಯಿಗೆ ಬರುವುದು ಅಲ್ವಾ? ಅದು ಇಲ್ಲದಿದ್ರೆ ಟುರೆಟ್ ಅಲ್ಲ ಅಂತ ಹೇಳುವವರು ಇದ್ದಾರೆ.

ಮಣ್ಣಪಳ್ಳ
ಅದು ತಪ್ಪು. ಅದಕ್ಕೆ ಕೊಪ್ರೊಲಾಲಿಯಾ ಅಂತ ಹೆಸರು, ಬರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಬಂದವರಿಗೂ ಆ ಮಾತಿನ ಅರ್ಥ ಮನಸ್ಸಲ್ಲಿ ಇರುವುದಿಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡುವ ಮಗುವಿಗೆ ಶಾಲೆಯಲ್ಲೂ ಮನೆಮಾತಿನದ್ದೇ ಶಬ್ದ ಬಂದರೆ ಆಶ್ಚರ್ಯ ಇಲ್ಲ. ಟೀಚರಿಗೆ ಇದನ್ನು ಮೊದಲೇ ಹೇಳಿಡಿ, ಯಾಕೆಂದರೆ ಬೈದದ್ದು ತನಗೇ ಅಂತ ಅವರು ತಿಳಿಯುತ್ತಾರೆ.

ಕದ್ರಿ ಗುಡ್ಡೆ
ಮೂಲ ಪ್ರಶ್ನೆಗೆ ಬರುತ್ತೇನೆ. ಎಲ್ಲ ಕಡೆ ಹೇಳುವುದು "ಟಿಕ್ ಕಂಡರೂ ಕಾಣದ ಹಾಗೆ ಇರಿ" ಅಂತ. ಆದರೆ ಟಿಕ್ ಇಳಿಸುವ ಥೆರಪಿಯಲ್ಲಿ ಮಗುವಿಗೆ ಟಿಕ್ ಗಮನಿಸಲಿಕ್ಕೇ ಕಲಿಸುತ್ತಾರೆ. ಎರಡೂ ಒಟ್ಟಿಗೆ ಹೇಗೆ? ಅರ್ಧ ತಿಳಿದುಕೊಂಡ ಅಪ್ಪಅಮ್ಮಂದಿರು ಊಟದ ಮಣೆ ಮೇಲೂ "ನೋಡು, ಈಗ ಮಾಡಿದೆ, ಅಭ್ಯಾಸ ಮಾಡು" ಅನ್ನುತ್ತಾರೆ. ಅದು ಬೈಗುಳದ ಇನ್ನೊಂದು ರೂಪ ಅಷ್ಟೆ.

ಮಣ್ಣಪಳ್ಳ
ಸರಿಯಾದ ಪ್ರಶ್ನೆ. ಮನೆಗಳಲ್ಲಿ ಈ ಥೆರಪಿ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಗಮನಿಸುವುದು ಮಗುವಿನ ಕೆಲಸ, ಅದೂ ಆರಿಸಿಕೊಂಡ ಒಂದೇ ಟಿಕ್, ಗೊತ್ತು ಮಾಡಿದ ಹೊತ್ತಿನಲ್ಲಿ. ಉಳಿದ ಟಿಕ್, ಉಳಿದ ಹೊತ್ತು ಎಲ್ಲರೂ ಸುಮ್ಮನೆ. ದೊಡ್ಡವರ ಪಾಲಿಗೆ ಉಳಿಯುವುದು ಮಗು ಪ್ರಯತ್ನಿಸಿದಾಗ ಮೆಚ್ಚುವುದು. ಟಿಕ್ ನಿಂತದ್ದಕ್ಕೆ ಮೆಚ್ಚುಗೆ ಅಲ್ಲ, ಪ್ರಯತ್ನಕ್ಕೆ.

ಕ್ರಮ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದರ ಬೇರು 1973ರಲ್ಲಿ ಮನಶ್ಶಾಸ್ತ್ರಜ್ಞರಾದ ಅಜ್ರಿನ್ ಮತ್ತು ನನ್ ರೂಪಿಸಿದ ಹ್ಯಾಬಿಟ್ ರಿವರ್ಸಲ್, ಅಂದರೆ ಅಭ್ಯಾಸ ತಿರುಗಿಸುವ ಕ್ರಮ. ಅದನ್ನೇ ಬೆಳೆಸಿ ಸಿಬಿಐಟಿ (ಟಿಕ್‌ಗೆ ಸಮಗ್ರ ವರ್ತನೆ ಚಿಕಿತ್ಸೆ) ಮಾಡಿದರು. 2010ರಲ್ಲಿ ಅಮೆರಿಕದಲ್ಲಿ 9ರಿಂದ 17 ವರ್ಷದ 126 ಮಕ್ಕಳಲ್ಲಿ ಪರೀಕ್ಷಿಸಿದಾಗ, 10 ವಾರದಲ್ಲಿ 8 ಭೇಟಿ ಪಡೆದವರಲ್ಲಿ ಸಾಧಾರಣ ಸಲಹೆ ಮಾತ್ರ ಪಡೆದವರಿಗಿಂತ ಟಿಕ್ ಚೆನ್ನಾಗಿ ಇಳಿಯಿತು.

ಮೊದಲು ಮಗುವೇ ತನ್ನ ಟಿಕ್‌ಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ 0ರಿಂದ 10ರೊಳಗೆ "ಎಷ್ಟು ಉಪದ್ರ" ಅಂತ ಅಂಕ ಕೊಡಬೇಕು. ಅಮ್ಮನಿಗೆ ಗಂಟಲಿನ ಶಬ್ದ ಕಿರಿಕಿರಿ, ಮಗುವಿಗೆ ಕುತ್ತಿಗೆ ನೋವು ಕಿರಿಕಿರಿ. ಮಗುವಿನ ಅಂಕವೇ ಲೆಕ್ಕ. ಮೊದಲಿಗೆ ಆರಿಸುವಾಗ ಉಪದ್ರವೂ ಇರಬೇಕು, ಒತ್ತರವೂ ಸ್ಪಷ್ಟವಾಗಿ ಗೊತ್ತಾಗಬೇಕು. ಒತ್ತರವೇ ಗೊತ್ತಾಗದ, ಮಿಂಚಿನ ಹಾಗೆ ಬಂದು ಹೋಗುವ ಕಣ್ಣಿನ ಟಿಕ್‌ನಿಂದ ಶುರು ಮಾಡಿದರೆ ಎರಡನೇ ವಾರಕ್ಕೇ ಮಗು ಸೋತು ಕೈಬಿಡುತ್ತದೆ.

ಆಮೇಲೆ ಆ ಟಿಕ್ಕನ್ನು ತುಂಡು ತುಂಡಾಗಿ ವಿವರಿಸುವುದು. ಉದಾಹರಣೆಗೆ ಕುತ್ತಿಗೆ ಎಳೆತ: ಮೊದಲು ಬಲ ಹೆಗಲಿನ ಮೇಲೆ ಬಿಗಿತ, ಆಮೇಲೆ ಗಲ್ಲ ಮೇಲಕ್ಕೆ, ಆಮೇಲೆ ತಲೆ ಬಲಕ್ಕೆ ಜಗ್ಗುವುದು. ಮಗು ಮಾತಾಡುತ್ತಾ ಇರುವಾಗ ಟಿಕ್ ಬಂದರೆ ಬೆರಳು ಎತ್ತುವುದು, ಮುಂದೆ ಆ ಮೊದಲ ಬಿಗಿತಕ್ಕೇ ಬೆರಳು ಎತ್ತುವುದು. ಹತ್ತರಲ್ಲಿ ಎಂಟು ಸಲ ಬಿಗಿತ ಹಿಡಿಯುವಷ್ಟಾದ ಮೇಲೆಯೇ ಮುಂದಿನ ಹೆಜ್ಜೆ. ಇಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ವ್ಯರ್ಥ.

ಮುಂದಿನದ್ದು ಎದುರು ಚಲನೆ, ಅಂದರೆ ಟಿಕ್ ಮಾಡಲು ಬಿಡದ, ಹೊರಗೆ ಎದ್ದು ಕಾಣದ ಇನ್ನೊಂದು ಚಲನೆ. ಕುತ್ತಿಗೆಗೆ: ಗಲ್ಲವನ್ನು ಸ್ವಲ್ಪ ಒಳಕ್ಕೆ ಎಳೆದು, ಕಣ್ಣು ನೇರ ಇಟ್ಟು, ಕುತ್ತಿಗೆಯ ಸ್ನಾಯು ಮೆತ್ತಗೆ ಬಿಗಿಹಿಡಿಯುವುದು. ಹೆಗಲು ಕುಣಿತಕ್ಕೆ: ಮೊಣಕೈಯನ್ನು ಸೊಂಟದ ಕಡೆಗೆ ಕೆಳಕ್ಕೆ ಒತ್ತುವುದು. ಗಂಟಲು ಶಬ್ದಕ್ಕೆ: ಬಾಯಿ ಮುಚ್ಚಿ, ಮೂಗಿನಲ್ಲಿ, ಹೊಟ್ಟೆಯಿಂದ ನಿಧಾನ ಉಸಿರಾಟ. ಮೂಗು ಸುಕ್ಕುವುದಕ್ಕೆ: ಮೇಲ್ತುಟಿ ಕೆಳಕ್ಕೆ ಎಳೆದು ತುಟಿ ಒತ್ತಿಹಿಡಿಯುವುದು. ಕಣ್ಣಿಗೆ: 3–5 ಸೆಕೆಂಡಿಗೊಮ್ಮೆ ಬೇಕೆಂದೇ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯುವುದು. ಹಿಡಿಯುವುದು ಒಂದು ನಿಮಿಷ, ಒಂದು ನಿಮಿಷದಲ್ಲಿ ಒತ್ತರ ಇಳಿಯದಿದ್ದರೆ ಇಳಿಯುವವರೆಗೆ. ಟಿಕ್ ತಪ್ಪಿ ಬಂದುಬಿಟ್ಟರೆ ಬಂದ ಕೂಡಲೇ ಶುರು ಮಾಡಬಹುದು, ಅದು ಸೋಲು ಅಲ್ಲ.

ಸಾಮಾನ್ಯ ತಪ್ಪು ಎರಡು. ಒಂದು, ಎದುರು ಚಲನೆಯೇ ಟಿಕ್‌ಗಿಂತ ದೊಡ್ಡದಾಗಿ ಕಾಣುವುದು. ಕುತ್ತಿಗೆ ಎಳೆತಕ್ಕೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಳ್ಳಲು ಹೇಳಿದರೆ ಯಾವ ಮಗುವೂ ಕ್ಲಾಸಲ್ಲಿ ಮಾಡುವುದಿಲ್ಲ. ಎರಡು, ಜೋರಾಗಿ ಬಿಗಿಹಿಡಿದು ನೋವು ಮಾಡಿಕೊಳ್ಳುವುದು. ಬಿಗಿತ ಅರ್ಧದಷ್ಟಿದ್ದರೆ ಸಾಕು.

ಉಳ್ಳಾಲ ತೀರ
ತಡೆದ್ರೆ ಒಳಗೆ ತುಂಬಿ ಆಮೇಲೆ ಒಟ್ಟಿಗೆ ಹೊರಗೆ ಬರುವುದಿಲ್ವಾ? ಶಾಲೆಯಿಂದ ಬಂದ ಕೂಡಲೇ ಮನೆಯಲ್ಲಿ ಒಂದು ಗಂಟೆ ಜೋರು ಇರ್ತದೆ ಅಂತ ತುಂಬ ಮನೆಯವರು ಹೇಳ್ತಾರೆ.

ಮಣ್ಣಪಳ್ಳ
ಅಳೆದು ನೋಡಿದ ಪ್ರಯೋಗಗಳಲ್ಲಿ, ತಡೆದ ನಂತರ ಟಿಕ್ ಮೊದಲಿನ ಮಟ್ಟಕ್ಕಿಂತ ಮೇಲೆ ಏರಿದ್ದು ಕಂಡಿಲ್ಲ. ಒಂದು ಟಿಕ್ ಇಳಿದರೆ ಅದರ ಬದಲಿಗೆ ಇನ್ನೊಂದು ಹುಟ್ಟುತ್ತದೆ ಅನ್ನುವುದಕ್ಕೂ ಆಧಾರ ಸಿಕ್ಕಿಲ್ಲ. ಶಾಲೆ ಬಿಟ್ಟ ಮೇಲಿನ ಆ ಗಂಟೆಗೆ ದಣಿವು, ಹಸಿವು, ಮನೆಯಲ್ಲಿ ಯಾರೂ ನಗುವುದಿಲ್ಲ ಅನ್ನುವ ನಿರಾಳ, ಇವೇ ಸಾಕು. ಹಾಗಾಗಿ ಆ ಗಂಟೆಯನ್ನು ಖಾಲಿ ಬಿಡಿ. ಬಂದ ಕೂಡಲೇ ಟ್ಯೂಷನ್‌ಗೆ ಓಡಿಸಬೇಡಿ. ತಿಂಡಿ, ಸ್ನಾನ, ಆಟ ಆದಮೇಲೆ ಹೋಂವರ್ಕ್. ಇದೂ ಚಿಕಿತ್ಸೆಯ ಭಾಗವೇ: ಯಾವಾಗ ಏರುತ್ತದೆ ಅಂತ ಒಂದು ವಾರ ಬರೆದಿಟ್ಟು, ಆ ಸನ್ನಿವೇಶವನ್ನೇ ಬದಲಿಸುವುದು. ಟಿವಿ ಎದುರು ಏರಿದರೆ ಅರ್ಧ ಗಂಟೆಗೊಮ್ಮೆ ಎದ್ದು ಓಡಾಟ. ಟಿಕ್ ಬಂದಾಗ ಓದು ಬಿಡಿಸುವ ಅಭ್ಯಾಸ ಮನೆಯಲ್ಲಿ ಇದ್ದರೆ ಅದನ್ನು ನಿಲ್ಲಿಸಿ; ವಿರಾಮ ಗಡಿಯಾರ ನೋಡಿ ಕೊಡಿ, ಟಿಕ್ ನೋಡಿ ಬೇಡ. ಸೆಕೆಯಲ್ಲಿ ಕೆಲವರಿಗೆ ಟಿಕ್ ಹೆಚ್ಚುತ್ತದೆ. ನಮ್ಮ ಏಪ್ರಿಲ್–ಮೇಯಲ್ಲಿ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನೊಂದು, ಕೈಯೂ ಮನಸ್ಸೂ ಪೂರ್ತಿ ಮುಳುಗುವ ಕೆಲಸದಲ್ಲಿ ಟಿಕ್ ತಾನಾಗಿ ಇಳಿಯುತ್ತದೆ. ಚೆಂಡೆ, ಮದ್ದಳೆ, ಈಜು, ಯಕ್ಷಗಾನದ ಹೆಜ್ಜೆ. "ಕುಣಿಯುವಾಗ ಬರುವುದಿಲ್ಲ, ಓದುವಾಗ ಬರ್ತದೆ, ಅಂದ್ರೆ ಸುಳ್ಳು" ಅಂತ ಹೇಳುವವರಿಗೆ ಇದೇ ಉತ್ತರ. ಹಾಗೆ ಬದಲಾಗುವುದೇ ಟಿಕ್‌ನ ಗುಣ.

ನೇತ್ರಾವತಿ ದಡ
ಮದ್ದಿನ ಬಗ್ಗೆ. ಟಿಕ್ ಇದೆ ಅನ್ನುವ ಒಂದೇ ಕಾರಣಕ್ಕೆ ಮದ್ದು ಬೇಕೆಂದಿಲ್ಲ. ನೋವು, ಗಾಯ, ಶಾಲೆಗೆ ಹೋಗಲಾಗದ ಸ್ಥಿತಿ, ಥೆರಪಿ ಸಿಗದಿರುವುದು ಅಥವಾ ಸಾಲದಿರುವುದು, ಇಂಥ ಕಾರಣ ಬೇಕು. ಮದ್ದು ಟಿಕ್ಕನ್ನು ಇಳಿಸುತ್ತದೆ, ಅಳಿಸುವುದಿಲ್ಲ.

ಎಡಿಎಚ್‌ಡಿಯೂ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಗುವಿಗೆ ಹೆಚ್ಚಾಗಿ ಕ್ಲೊನಿಡಿನ್‌ನಿಂದ ಶುರು. ಇಲ್ಲಿ ಸಿಗುವುದು 100 ಮೈಕ್ರೊಗ್ರಾಂ ಮಾತ್ರೆ. ರಾತ್ರಿ ಅರ್ಧ ಅಥವಾ ಅದಕ್ಕಿಂತ ಕಡಿಮೆಯಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ನಿದ್ದೆ ಬರುತ್ತದೆ, ಬಿಪಿ ಇಳಿಯುತ್ತದೆ, ಎದ್ದು ನಿಂತಾಗ ತಲೆ ತಿರುಗಬಹುದು. ಎಲ್ಲಕ್ಕಿಂತ ಮುಖ್ಯ: ಒಮ್ಮೆಲೇ ನಿಲ್ಲಿಸಬಾರದು, ಬಿಪಿ ಹಾರಿ ಮೇಲೇರುತ್ತದೆ. ರಜೆಗೆ ಅಜ್ಜಿಮನೆಗೆ ಹೋಗುವಾಗ ಮಾತ್ರೆ ಮರೆತು ಹೋಗುವುದು ಇಲ್ಲಿ ದೊಡ್ಡ ಅಪಾಯ. ಒಂದು ಶೀಟ್ ಯಾವಾಗಲೂ ಬೇರೆ ಚೀಲದಲ್ಲಿರಲಿ.

ಅರಿಪಿಪ್ರಜೋಲ್, ರಿಸ್ಪೆರಿಡೋನ್, ಹಾಲೊಪೆರಿಡಾಲ್ ಇನ್ನೊಂದು ಗುಂಪು. ಅರಿಪಿಪ್ರಜೋಲ್ 2 ಮಿ.ಗ್ರಾಂನಿಂದ ಶುರು ಮಾಡುವುದು ರೂಢಿ. 2014ರಲ್ಲಿ ಅಮೆರಿಕದಲ್ಲಿ 6ರಿಂದ 18 ವರ್ಷದವರ ಟುರೆಟ್‌ಗೆ ಒಪ್ಪಿಗೆ ಸಿಕ್ಕಿತು. ರಿಸ್ಪೆರಿಡೋನ್‌ನಲ್ಲಿ ಹಸಿವು, ತೂಕ ಬೇಗ ಏರುತ್ತದೆ, ಹುಡುಗರಲ್ಲಿ ಎದೆ ಊದಬಹುದು. ಶುರು ಮಾಡುವ ದಿನವೇ ತೂಕ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ, ಕೊಬ್ಬಿನ ಪರೀಕ್ಷೆ ಬರೆದಿಡಿ, ಮೂರು ತಿಂಗಳಿಗೆ ಪುನಃ. ಮೊದಲ ಅಳತೆ ಇಲ್ಲದಿದ್ದರೆ ಆಮೇಲೆ ಏನು ಹೆಚ್ಚಾಯಿತೆಂದು ಹೇಳಲಿಕ್ಕೇ ಆಗುವುದಿಲ್ಲ.

ಮನೆಯವರು ತಪ್ಪು ತಿಳಿಯುವ ಎರಡು ಸಂಗತಿ ಇದೆ. ಈ ಗುಂಪಿನ ಮದ್ದು ಶುರುವಾದ ಮೊದಲ ದಿನಗಳಲ್ಲಿ ಕುತ್ತಿಗೆ ಒಂದು ಕಡೆ ತಿರುಚಿ ಹಾಗೆಯೇ ನಿಂತರೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡರೆ, ನಾಲಿಗೆ ದಪ್ಪವಾದರೆ ಅದು ಹೊಸ ಟಿಕ್ ಅಲ್ಲ, ಡಿಸ್ಟೋನಿಯಾ. ಟಿಕ್ ಬಂದು ಹೋಗುತ್ತದೆ, ಇದು ಹಿಡಿದು ನಿಲ್ಲುತ್ತದೆ. ಕೂಡಲೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಮಾತ್ರೆಯ ಶೀಟ್ ತೋರಿಸಿ. ಇಂಜೆಕ್ಷನ್‌ನಿಂದ ಬೇಗ ಬಿಡುತ್ತದೆ. ಇನ್ನೊಂದು, ಕೂತಲ್ಲಿ ಕೂರಲಾಗದ ಚಡಪಡಿಕೆ. ಅದನ್ನು "ಟಿಕ್ ಜಾಸ್ತಿಯಾಯ್ತು" ಅಂತ ಹೇಳಿದರೆ ಡೋಸ್ ಏರುತ್ತದೆ, ಚಡಪಡಿಕೆಯೂ ಏರುತ್ತದೆ. ಡಾಕ್ಟರಿಗೆ ಹೇಳುವಾಗ "ಜಾಸ್ತಿ" ಅನ್ನಬೇಡಿ, ಕಂಡದ್ದನ್ನು ಕಂಡ ಹಾಗೆ ಹೇಳಿ.

ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಟಿಕ್ ಕೆಡಿಸುತ್ತದೆ ಅನ್ನುವ ಹಳೆಯ ಹೆದರಿಕೆ ಇನ್ನೂ ಇದೆ. 2002ರಲ್ಲಿ ಪ್ರಕಟವಾದ, 136 ಮಕ್ಕಳ ಪರೀಕ್ಷೆಯಲ್ಲಿ ಖಾಲಿ ಮಾತ್ರೆ ಪಡೆದವರಿಗಿಂತ ಅದನ್ನು ಪಡೆದವರಲ್ಲಿ ಟಿಕ್ ಹೆಚ್ಚಾಗಿ ಕೆಡಲಿಲ್ಲ.

ಕಾಪು ದೀಪಸ್ತಂಭ
ಇದಕ್ಕೆ ಒಂದು ಮಾತು ಸೇರಿಸಬೇಕು. ಟುರೆಟ್ ಇರುವ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎಡಿಎಚ್‌ಡಿಯೂ ಇರುತ್ತದೆ, ಓಸಿಡಿಯೂ ಬಹಳ ಜನರಲ್ಲಿ. ಅಂಕ ಇಳಿಯುವುದು, ಸಿಟ್ಟು ಸ್ಫೋಟವಾಗುವುದು ಅನೇಕ ಸಲ ಅದರಿಂದಲೇ, ಟಿಕ್‌ನಿಂದ ಅಲ್ಲ. ಎದ್ದು ಕಾಣುವ ಟಿಕ್ ಹಿಂದೆಯೇ ಎಲ್ಲರೂ ಓಡುತ್ತಾರೆ, ಮಗುವನ್ನು ನಿಜವಾಗಿ ಹಿಂಡುತ್ತಿರುವುದು ಹಾಗೇ ಉಳಿಯುತ್ತದೆ.

ಉಳ್ಳಾಲ ತೀರ
ಇನ್ನೊಂದು ಕೇಳ್ಲಿಕ್ಕುಂಟು, ಯಾರೂ ಬೇಸರ ಮಾಡಬೇಡಿ. ನಾಗದೋಷ ಅಂತ ಹೇಳ್ತಾರೆ. ಆಶ್ಲೇಷ ಬಲಿ (ನಾಗನ ಪೂಜೆ) ಮಾಡಿಸಿದ ಮೇಲೆ ಕಡಿಮೆ ಆಯ್ತು ಅಂತಲೂ ಹೇಳ್ತಾರೆ. ಹಾಗೆ ಹೇಳುವವರು ಸುಳ್ಳು ಹೇಳುವವರಲ್ಲ.

ಕಾಪು ದೀಪಸ್ತಂಭ
ಸುಳ್ಳಲ್ಲ, ಕಡಿಮೆ ಆದದ್ದು ನಿಜ. ಟಿಕ್ ಏರುತ್ತದೆ, ಇಳಿಯುತ್ತದೆ. ಅದರ ಸ್ವಭಾವವೇ ಅದು. ಯಾರೂ ತಣ್ಣಗಿರುವಾಗ ಪರಿಹಾರ ಹುಡುಕುವುದಿಲ್ಲ, ಅತಿ ಜೋರಾಗಿರುವಾಗ ಹುಡುಕುತ್ತಾರೆ. ಅಲ್ಲಿಂದ ಮುಂದೆ ಇಳಿಯುವ ಸಾಧ್ಯತೆಯೇ ಹೆಚ್ಚು. ಆ ವಾರ ಬಲಿ ಮಾಡಿಸಿದರೆ ಬಲಿಯಿಂದ, ಕಷಾಯ ಕೊಟ್ಟರೆ ಕಷಾಯದಿಂದ, ಕನ್ನಡಕ ಹಾಕಿಸಿದರೆ ಕನ್ನಡಕದಿಂದ, ಡಾಕ್ಟರು ಮದ್ದು ಬದಲಿಸಿದರೆ ಮದ್ದಿನಿಂದ ಅಂತ ಕಾಣುತ್ತದೆ. ಮದ್ದಿಗೂ ಇದೇ ನಿಯಮ ಅನ್ವಯ ಅನ್ನುವುದನ್ನು ಮರೆಯಬಾರದು.

ನಾಗನಿಗೆ ನಡಕೊಳ್ಳುವುದು ಮನೆಯ ನಂಬಿಕೆ, ಅದನ್ನು ಬಿಡಿ ಅಂತ ಹೇಳುವುದಿಲ್ಲ. ಹೇಳುವುದು ಇಷ್ಟೇ: ಮಗುವಿನ ಎದುರು "ದೋಷ" ಅನ್ನುವ ಶಬ್ದ ಬೇಡ. ಪುನಃ ಏರಿದಾಗ ಮಗು ತಪ್ಪು ತನ್ನದೇ ಅಂತ ತಿಳಿಯುತ್ತದೆ. ದರ್ಶನದ (ಮೈಮೇಲೆ ಬಂದವರ) ಎದುರು ನಿಲ್ಲಿಸಿ ಪ್ರಶ್ನೆ ಕೇಳುವಾಗ ನೂರು ಕಣ್ಣು ಆ ಮಗುವಿನ ಮೇಲಿರುತ್ತದೆ, ಟಿಕ್‌ಗೆ ಅದಕ್ಕಿಂತ ಕೆಟ್ಟ ಸನ್ನಿವೇಶ ಇಲ್ಲ. ಹರಕೆ ದೊಡ್ಡವರೇ ಒಪ್ಪಿಸಿದರೆ ಸಾಕು.

ಏನೇ ಮಾಡಿದರೂ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಅಂಕ ಹಾಕಿ, 0ರಿಂದ 5. ರಾತ್ರಿ, ಮಗು ಮಲಗಿದ ಮೇಲೆ, ಒಬ್ಬರೇ. ಮೂರು ತಿಂಗಳ ಅಂಕ ಒಟ್ಟಿಗೆ ನೋಡದೆ ಯಾವುದನ್ನೂ "ಕೆಲಸ ಮಾಡಿತು" ಅನ್ನಬೇಡಿ.

ಕದ್ರಿ ಗುಡ್ಡೆ
ಶಾಲೆಯ ಭಾಗ. ಮುಂದಿನ ಬೆಂಚಲ್ಲಿ ಕೂರಿಸುವುದು ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪು, ಹಿಂದಿನ ನಲವತ್ತು ಜನ ಆ ಕುತ್ತಿಗೆಯನ್ನೇ ನೋಡುತ್ತಾರೆ. ಬದಿಯ ಸಾಲು, ಬಾಗಿಲ ಹತ್ತಿರ, ಹಿಂದಿನಿಂದ ಎರಡನೆಯದು ಒಳ್ಳೆಯ ಜಾಗ. ಹೊರಗೆ ಹೋಗಲು ಒಂದು ಗುರುತಿನ ಚೀಟಿ ಮೇಜಿನ ಮೇಲಿಟ್ಟರೆ ಸಾಕು, ಪ್ರತಿ ಸಲ ಕೈ ಎತ್ತಿ ಕೇಳಬೇಕಾಗಿಲ್ಲ. ಐದು ನಿಮಿಷದಲ್ಲಿ ಬರಬೇಕು, ಎಲ್ಲಿಗೆ ಹೋಗಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಅಕ್ಷರದ ಮೇಲೆ ಅಕ್ಷರ ಬರೆಯುವುದು, ಪೆನ್ಸಿಲ್ ಒತ್ತಿ ಮುರಿಯುವುದು ಟಿಕ್ ಅಥವಾ ಓಸಿಡಿ ಇರಬಹುದು. ಹತ್ತು ಸಲ ಬರೆಯುವ ಶಿಕ್ಷೆ ಅದಕ್ಕೆ ಮದ್ದಲ್ಲ. ಟಿಕ್ ತಡೆಯುತ್ತಾ ಕೂತ ಮಗುವಿನ ಗಮನದ ಅರ್ಧ ಅಲ್ಲೇ ಖರ್ಚಾಗಿರುತ್ತದೆ.

ಪರೀಕ್ಷೆಗೆ ಬೇರೆ ಕೋಣೆ ಸಿಕ್ಕಿದರೆ ಎಲ್ಲಕ್ಕಿಂತ ಹೆಚ್ಚು ಉಪಕಾರ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವಿಧಗಳಲ್ಲಿ ಟುರೆಟ್ ಹೆಸರಿಲ್ಲ, ಹಾಗಾಗಿ "ಪಟ್ಟಿಯಲ್ಲಿಲ್ಲ" ಅಂತ ಕಾಗದ ವಾಪಸು ಬರಬಹುದು. ಅಲ್ಲಿಗೆ ಬಿಡಬೇಡಿ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ ಶೇ. 40ರ ಅಂಗವೈಕಲ್ಯದ ಮಿತಿ ಇಲ್ಲದೆಯೂ ಉತ್ತರ ಬರೆದುಕೊಡುವವರ ಸಹಾಯ ಸಿಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಅದರ ನಂತರ 2022ರ ಆಗಸ್ಟ್‌ನಲ್ಲಿ ಕೇಂದ್ರದ ಮಾರ್ಗಸೂಚಿ ಬಂತು: ಬರೆಯಲು ಕಷ್ಟ ಇರುವವರಿಗೆ ನಿಗದಿತ ನಮೂನೆಯ ವೈದ್ಯಕೀಯ ಪ್ರಮಾಣಪತ್ರದ ಮೇಲೆ ಗಂಟೆಗೆ 20 ನಿಮಿಷ ಹೆಚ್ಚುವರಿ. ಕೈ, ಕುತ್ತಿಗೆ, ಕಣ್ಣಿನ ಟಿಕ್‌ನಿಂದ ಬರವಣಿಗೆ ನಿಲ್ಲುವವರಿಗೆ ಕೇಳಲು ಇದು ಆಧಾರ; ಮಾರ್ಗಸೂಚಿ ಆಮೇಲೆ ಬದಲಾಗಿದೆ, ಈಗಿನದ್ದು ನೋಡಿಕೊಂಡು ಕೇಳಿ. ಪ್ರಮಾಣಪತ್ರದಲ್ಲಿ "ಟುರೆಟ್ ಇದೆ" ಅಂತ ಮಾತ್ರ ಇದ್ದರೆ ಸಾಲದು, "ಬರೆಯುವ ವೇಗಕ್ಕೆ ಹೀಗೆ ಅಡ್ಡಿಯಾಗುತ್ತದೆ" ಅನ್ನುವ ವಾಕ್ಯ ಬೇಕು. ಎಸ್‌ಎಸ್‌ಎಲ್‌ಸಿಗೆ ಕಾಯಬೇಡಿ, ಒಂಬತ್ತನೆಯ ತರಗತಿಯಲ್ಲೇ ಕಾಗದ ತಯಾರಿರಲಿ.

ನೇತ್ರಾವತಿ ದಡ
ಕುತ್ತಿಗೆ ಜೋರಾಗಿ ಎಸೆಯುವ ಟಿಕ್ ವರ್ಷಗಟ್ಟಲೆ ಇದ್ದರೆ ಒಂದು ಎಚ್ಚರಿಕೆ. ಕೈಬೆರಳು ಜೋಮು ಹಿಡಿಯುವುದು, ಕೈಯಿಂದ ವಸ್ತು ಬೀಳುವುದು, ನಡಿಗೆ ತಪ್ಪುವುದು, ಮೂತ್ರ ಹಿಡಿತ ತಪ್ಪುವುದು ಕಂಡರೆ ಅದೇ ದಿನ ನರರೋಗ ತಜ್ಞರಿಗೆ ತೋರಿಸಿ. ಅಪರೂಪ, ಆದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ಅಂಥವರ ಕುತ್ತಿಗೆಗೆ "ನಟಿಗೆ ತೆಗೆಯುವುದು", ಎಳೆದು ಮಾಲಿಶ್ ಮಾಡುವುದು ಬೇಡವೇ ಬೇಡ.

ಉಳ್ಳಾಲ ತೀರ
ಎಲ್ಲಿಗೆ ಹೋಗುವುದು ಅಂತಲೂ ಬರೀರಿ. ಮತ್ತೆ ಬಸ್ಸಲ್ಲಿ ಜನ ನೋಡುವುದಕ್ಕೆ ಎಂತ ಮಾಡುವುದು?

ಮಣ್ಣಪಳ್ಳ
ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಮಂಗಳೂರಿನಲ್ಲಿ ಕಂಕನಾಡಿಯ ಫಾದರ್ ಮುಲ್ಲರ್, ಅತ್ತಾವರದ ಕೆಎಂಸಿ, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳು. ಮನೋವೈದ್ಯ ವಿಭಾಗ ಇರುವ ಕಡೆ ಹೋಗಿ. ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ. ಹೊರಡುವ ಮೊದಲು ಫೋನ್ ಮಾಡಿ "ಟಿಕ್‌ಗೆ ಹ್ಯಾಬಿಟ್ ರಿವರ್ಸಲ್ ಕಲಿಸುವ ಕ್ಲಿನಿಕಲ್ ಸೈಕಾಲಜಿಸ್ಟ್ ಯಾವ ದಿನ ಇರುತ್ತಾರೆ" ಅಂತ ಕೇಳಿ. ಬರೀ "ಕೌನ್ಸೆಲಿಂಗ್ ಉಂಟಾ" ಅಂತ ಕೇಳಿದರೆ ಉಂಟು ಅಂತಾರೆ, ಹೋದಮೇಲೆ ಸಿಗುವುದು ಬೇರೆ. ಮನಸ್ಸು ತೀರಾ ಕುಸಿದರೆ, ಸಾಯುವ ಮಾತು ಬಂದರೆ ಟೆಲಿ ಮನಸ್ ಸಹಾಯವಾಣಿ 14416, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ.

ಕಾಪು ದೀಪಸ್ತಂಭ
ಬಸ್ಸಿಗೆ: ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ಸಲ್ಲಿ ಕಿಟಕಿ ಬದಿ, ಹಿಂದೆ ಸೀಟಿನ ಆಸರೆ ಇರುವ ಜಾಗ. ಕುತ್ತಿಗೆ ಎಳೆತ ಇರುವವರು ಮುಂದಿನ ಕಂಬಿಗೆ ತೀರಾ ಹತ್ತಿರ ಕೂರಬಾರದು, ಬ್ರೇಕ್ ಹಾಕುವಾಗ ಹಲ್ಲಿಗೆ ಪೆಟ್ಟು. ಜೇಬಲ್ಲಿ ಎರಡು ಸಾಲಿನ ಚೀಟಿ ಇಡಿ: "ನನಗೆ ಟುರೆಟ್ ಎಂಬ ನರದ ತೊಂದರೆ ಇದೆ. ಈ ಶಬ್ದ, ಚಲನೆ ಬೇಕೆಂದು ಮಾಡುವುದಲ್ಲ, ಇದು ಅಂಟುವುದಿಲ್ಲ." ಕೆಮ್ಮಿನಂಥ ಟಿಕ್ ಇರುವವರಿಗೆ ಆ ಕೊನೆಯ ಮಾತು ಬೇಕೇ ಬೇಕು. ಚೀಟಿ ತೋರಿಸಬೇಕೋ ಬೇಡವೋ ಅನ್ನುವುದು ಮಗುವಿನ ಇಷ್ಟ, ಅಪ್ಪಅಮ್ಮ ಅವಸರದಿಂದ ಎಲ್ಲರಿಗೂ ಹೇಳುತ್ತಾ ಹೋಗಬಾರದು.

ಕ್ಲಾಸಿನವರಿಗೆ ಹೇಳುವುದಾದರೆ ಮಗುವನ್ನು ಕೇಳಿ, ಅದು ಒಪ್ಪಿದ ಶಬ್ದಗಳಲ್ಲೇ ಹೇಳಿ. ಆವತ್ತು ತಾನು ಕ್ಲಾಸಲ್ಲಿ ಇರಬೇಕೋ ಬೇಡವೋ ಅನ್ನುವುದನ್ನೂ ಮಗುವೇ ಆರಿಸಲಿ. ಹತ್ತು ನಿಮಿಷ ಸಾಕು. ಮಕ್ಕಳು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ "ನೋವಾಗ್ತದಾ?" ಅಂತ. ಅದಕ್ಕೆ ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ.